ಬ್ರಿಕ್ಸ್‌ಟನ್ ಜೈಲಿನಿಂದ ಅಮ್ಮನಿಗೊಂದು ಕಾಗದ

ಸಂಜೆ ಹೊತ್ತು. ಅಣ್ಣ ತಮ್ಮ ಇಬ್ಬರೂ ಬಸ್ಸಿಗೆ ಕಾಯ್ತಾ ನಿಂತಿದ್ದಾರೆ. ಪೊಲೀಸ್ ವ್ಯಾನ್ ಬಂದು ನಿಲ್ಲುತ್ತದೆ. ಮೂವರು ಇಳಿದು ತಮ್ಮ ಜಿಮ್‌ನನ್ನು ಹಿಡಿಯುತ್ತಾರೆ. ನಾನೇನೂ ಮಾಡಿಲ್ಲ ಅಂತ ಅವನು ಕೊಸರಾಡಿದ್ದಕ್ಕೆ ಏಟು ಬೀಳುತ್ತವೆ. ನೋಡಲಾರದೆ ಅಣ್ಣ ಸನ್ನಿ ಕೈ ಎತ್ತುತ್ತಾನೆ. ಒಬ್ಬ ಪೊಲೀಸ್ ಬಿದ್ದು ಸಾಯುತ್ತಾನೆ. ಈಗ ಸನ್ನಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿನಿಂದ ಅಮ್ಮನಿಗೆ ಕಾಗದ ಬರೆಯುತ್ತಿದ್ದಾನೆ. ತಮ್ಮನನ್ನು ನೋಡಿಕೊಳ್ತೀನಿ ಅಂತ ಕೊಟ್ಟ ಮಾತು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಅನ್ನುವುದೇ ಅವನ ಸಂಕಟ.

ಲಿಂಟನ್ ಕ್ವೆಸಿ ಜಾನ್ಸನ್ ಅವರ ಈ ಕವಿತೆ ಇರುವುದು 1979ರ 'ಫೋರ್ಸಸ್ ಆಫ್ ವಿಕ್ಟರಿ' ಎಂಬ ಆಲ್ಬಂನಲ್ಲಿ, ಜಮೈಕಾದ ರೆಗೆ ಸಂಗೀತದ ಜೊತೆ. ಸನ್ನಿ, ಜಿಮ್ ಇಬ್ಬರೂ ಕಲ್ಪನೆಯ ಹುಡುಗರು. ಆದರೆ ಜಿಮ್ ಮೇಲೆ ಬಿದ್ದ ಕೇಸು ಆಗ ಲಂಡನ್ನಿನಲ್ಲಿ ದಿನನಿತ್ಯದ ಮಾತು. ಜನ ಅದನ್ನು 'ಸಸ್' ಅನ್ನುತ್ತಿದ್ದರು, ಅಂದರೆ ಅನುಮಾನ. ಅದರ ಬೇರು 1824ರ ವೇಗ್ರನ್ಸಿ, ಅಂದರೆ ಅಲೆಮಾರಿತನದ ಕಾಯ್ದೆಯಲ್ಲಿತ್ತು. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಬೀದಿಗೆ ಬಿದ್ದ ಬಡವರನ್ನು ಹತೋಟಿಯಲ್ಲಿಡಲು ಮಾಡಿದ್ದು. ಕಳ್ಳತನ ನಡೆದಿರಬೇಕಾಗಿಲ್ಲ, ಕಳಕೊಂಡವರೂ ಬೇಕಿಲ್ಲ. ಈ ಹುಡುಗ ಕದಿಯುವ ಯೋಚನೆಯಲ್ಲಿದ್ದ ಅಂತ ಇಬ್ಬರು ಪೊಲೀಸರು ಹೇಳಿದರೆ ಸಾಕಿತ್ತು. ಒಂದೂವರೆ ಶತಮಾನದ ನಂತರ ಅದು ಜಾಸ್ತಿ ಬಿದ್ದದ್ದು ಕಪ್ಪು ಹುಡುಗರ ಮೇಲೆ.

ಜಾನ್ಸನ್ ಹುಟ್ಟಿದ್ದು 1952ರಲ್ಲಿ, ಜಮೈಕಾದ ಚಾಪೆಲ್ಟನ್‌ನಲ್ಲಿ. 1963ರಲ್ಲಿ ಲಂಡನ್ನಿಗೆ ಬಂದರು. ಶಾಲೆಯಲ್ಲಿದ್ದಾಗಲೇ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆ ಸೇರಿದರು. ಬರೆದದ್ದು ಮನೆಯಲ್ಲಿ ಆಡುವ ಜಮೈಕಾದ ಮಾತಿನಲ್ಲೇ, ಕಾಗುಣಿತವೂ ಆ ಉಚ್ಚಾರಣೆಯದ್ದೇ. ಅವರಿಗೆ ಇಂಗ್ಲೆಂಡ್ ಅಂದರೆ 'ಇಂಗ್ಲನ್'. ಅದೇ ದೊಡ್ಡ ಧೈರ್ಯ ಅನ್ನಿಸುತ್ತದೆ ನನಗೆ. ಅಮ್ಮನಿಗೆ ಬರೆಯುವ ಕಾಗದ ಬೇರೆ ಯಾವ ಭಾಷೆಯಲ್ಲಿ ಇರಲು ಸಾಧ್ಯ, ಅಲ್ವಾ?

ಇನ್ನು ಈ ಕವಿತೆಯ ಹಿಂದಿರುವ ಸಂಗೀತ, ಡಬ್: ರೆಗೆ ಹಾಡನ್ನು ಬಿಚ್ಚಿ ಮತ್ತೆ ಜೋಡಿಸುವ ಬಗೆ. ಜಮೈಕಾದ ಕಿಂಗ್‌ಸ್ಟನ್‌ನ ಕಿಂಗ್ ಟಬ್ಬಿ ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರು. ರೆಕಾರ್ಡ್ ಆದ ಹಾಡಿನಿಂದ ಗಾಯಕನ ದನಿ ತೆಗೆದು, ಬೇಸ್ ಮತ್ತು ಡ್ರಮ್ಸ್ ಮುಂದೆ ತಂದು, ಪ್ರತಿಧ್ವನಿ ಸೇರಿಸುತ್ತಿದ್ದರು. ದನಿ ಹೋದ ಜಾಗ ಖಾಲಿ. ಆ ಜಾಗದಲ್ಲಿ ಡಿಜೆಗಳು ಮೈಕ್ ಹಿಡಿದು ಮಾತಾಡಿದರು. ಜಾನ್ಸನ್ ದಾರಿ ಸ್ವಲ್ಪ ಬೇರೆ. ಮೊದಲು ಕವಿತೆ, ಆಮೇಲೆ ಸಂಗೀತ. ಬಾರ್ಬಡೋಸ್‌ನಲ್ಲಿ ಹುಟ್ಟಿದ ಸಂಗೀತಗಾರ ಡೆನಿಸ್ ಬೋವೆಲ್ ಜೊತೆ ಕೂತು ಆ ಮಾತಿನ ಲಯಕ್ಕೇ ಬೇಸ್ ಕೂರಿಸಿದರು. ಹಾಗಾಗಿ ಅವರು ಹಾಡುವುದಿಲ್ಲ, ಕೂಗುವುದೂ ಇಲ್ಲ. ಜಿಮ್‌ಗೆ ಬೀಳುವ ಒಂದೊಂದು ಏಟಿಗೂ ಒಂದೊಂದು ಚಿಕ್ಕ ಸಾಲು: ಹೊಟ್ಟೆಗೆ, ಬೆನ್ನಿಗೆ, ತಲೆಗೆ. ದನಿ ಏರುವುದೇ ಇಲ್ಲ. ಕೇಳುವಾಗ ಹೊಟ್ಟೆ ಹಿಂಡುತ್ತದೆ. ಮರುವರ್ಷ ಬೋವೆಲ್ ಇವೇ ಸಂಗೀತಗಳಿಂದ ಕವಿಯ ಮಾತನ್ನು ತೆಗೆದು, ಬರೀ ಡಬ್ ಆಲ್ಬಂ ಒಂದನ್ನೂ ಹೊರತಂದರು.

ಬೀದಿಯಲ್ಲಿ ಸಸ್ ವಿರುದ್ಧದ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ದಕ್ಷಿಣ ಲಂಡನ್ನಿನ ಕಪ್ಪು ತಾಯಂದಿರಿದ್ದರು. ಹಿಡಿದೊಯ್ದ ಮಕ್ಕಳಿಗಾಗಿ ಠಾಣೆಗೆ ಅಲೆದವರು ಅವರೇ. 1981ರ ಏಪ್ರಿಲ್‌ನಲ್ಲಿ ಪೊಲೀಸರು ಒಂದೇ ವಾರದೊಳಗೆ ಸುಮಾರು ಸಾವಿರ ಜನರನ್ನು ತಡೆದು ನಿಲ್ಲಿಸಿದ ಮೇಲೆ ಬ್ರಿಕ್ಸ್‌ಟನ್ ಬಡಾವಣೆ ಹೊತ್ತಿ ಉರಿಯಿತು. ಅದೇ ವರ್ಷ ಸಂಸತ್ತು ಸಸ್ ಅಪರಾಧವನ್ನು ತೆಗೆದುಹಾಕಿತು. 1824ರ ಕಾಯ್ದೆಯ ಉಳಿದ ಭಾಗ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಬೀದಿಯಲ್ಲಿ ಮಲಗುವುದು, ಭಿಕ್ಷೆ ಬೇಡುವುದು ಆಮೇಲೂ ದಶಕಗಳ ಕಾಲ ಅಪರಾಧವಾಗೇ ಉಳಿಯಿತು.