ಗಿಟಾರ್ ಮತ್ತು ಯುಕುಲೆಲೆ: ಅಭ್ಯಾಸದ ಹೊತ್ತನ್ನು ಹಂಚಿಕೊಳ್ಳುವ ಬಗೆ

ಎರಡೂ ವಾದ್ಯಗಳನ್ನು ಜೊತೆಗೆ ಕಲಿಯುತ್ತಿರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ದಿನಕ್ಕೆ ನಲವತ್ತು ನಿಮಿಷ ಸಿಕ್ಕರೆ ಇಪ್ಪತ್ತು ಇದಕ್ಕೆ, ಇಪ್ಪತ್ತು ಅದಕ್ಕೆ ಅಂತ ಸಮಪಾಲು ಮಾಡಬೇಕೋ, ಇಲ್ಲ ದಿನ ಬಿಟ್ಟು ದಿನ ಸರದಿ ಇಟ್ಟುಕೊಳ್ಳಬೇಕೋ? ಗಡಿಯಾರ ನೋಡಿಕೊಂಡು ಹಂಚಲು ಹೊರಟರೆ ಇದು ಬಗೆಹರಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಒಂದು ವಾದ್ಯದ ಮೇಲೆ ಕಲಿತದ್ದರಲ್ಲಿ ಯಾವುದು ಇನ್ನೊಂದಕ್ಕೆ ತಾನಾಗಿಯೇ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ಮೊದಲು ವಿಂಗಡಿಸಿಕೊಳ್ಳಬೇಕು. ದಾಟುವಂಥದ್ದನ್ನು ಒಂದು ಕಡೆ ಕಲಿತರೆ ಸಾಕು. ದಾಟದಿರುವುದಕ್ಕೆ ಆಯಾ ವಾದ್ಯವನ್ನೇ ಕೈಗೆತ್ತಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಈ ಟಿಪ್ಪಣಿಯ ಬಹುಪಾಲು ಆ ವಿಂಗಡಣೆಯೇ. ನಿಮಿಷಗಳ ಲೆಕ್ಕ ಆಮೇಲೆ ಬರುತ್ತದೆ.

ತಂತಿಗಳ ನಂಟು

ಗಿಟಾರ್‌ನ ಆರು ತಂತಿಗಳ ಶ್ರುತಿ, ದಪ್ಪ ತಂತಿಯಿಂದ ಶುರು ಮಾಡಿದರೆ, ಇ, ಎ, ಡಿ, ಜಿ, ಬಿ, ಇ. ನಾಲ್ಕು ತಂತಿಗಳ ಯುಕುಲೆಲೆಯದು ಜಿ, ಸಿ, ಇ, ಎ. ಗಿಟಾರ್‌ನ ಕೆಳಗಿನ ನಾಲ್ಕು ತಂತಿಗಳನ್ನು (ಡಿ, ಜಿ, ಬಿ, ಇ) ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಐದನೇ ಮನೆಯಲ್ಲಿ, ಅಂದರೆ ಐದನೇ ಫ್ರೆಟ್‌ನಲ್ಲಿ ಒತ್ತಿ ನೋಡಿ: ಜಿ, ಸಿ, ಇ, ಎ ಬರುತ್ತದೆ. ಅಂದರೆ ತಂತಿಯಿಂದ ತಂತಿಗೆ ಇರುವ ಸ್ವರಗಳ ಅಂತರ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ನಾಲ್ಕನೇ ತಂತಿಯಲ್ಲಿ (ಎಣಿಕೆ ಕೊನೆಯ ಎ ತಂತಿಯಿಂದ) ಮಾತ್ರ. ಸಾಮಾನ್ಯ ಯುಕುಲೆಲೆಯಲ್ಲಿ ಆ ಜಿ ಒಂದು ಸ್ಥಾಯಿ ಮೇಲಿರುತ್ತದೆ. 196 ಹರ್ಟ್ಸ್ ಇರಬೇಕಾದ ಕಡೆ 392 ಹರ್ಟ್ಸ್. ಕೆಲವರು ಅಲ್ಲಿ ದಪ್ಪ ತಂತಿ ಹಾಕಿ ಕೆಳಗಿನ ಜಿ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದರೆ ಐದನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದ ಗಿಟಾರ್‌ನ ಆ ನಾಲ್ಕು ತಂತಿಗಳಿಗೂ ಯುಕುಲೆಲೆಗೂ ಸ್ವರದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ದೊಡ್ಡ ಗಾತ್ರದ ಬ್ಯಾರಿಟೋನ್ ಯುಕುಲೆಲೆಯಂತೂ ನೇರವಾಗಿ ಡಿ, ಜಿ, ಬಿ, ಇ ಶ್ರುತಿಯಲ್ಲೇ ಇರುತ್ತದೆ.

ಹೀಗಿರುವುದರಿಂದ ಸ್ವರಗುಚ್ಛಗಳ, ಅಂದರೆ ಕಾರ್ಡ್‌ಗಳ ಬೆರಳಿನ ಆಕಾರಗಳೆಲ್ಲ ದಾಟುತ್ತವೆ. ಗಿಟಾರ್‌ನ ಡಿ ಕಾರ್ಡ್‌ನ ತ್ರಿಕೋನ (0232; ಒಂದೊಂದು ಅಂಕಿಯೂ ನಾಲ್ಕನೇ ತಂತಿಯಿಂದ ಮೊದಲನೆಯದರವರೆಗೆ ಒತ್ತಬೇಕಾದ ಫ್ರೆಟ್, 0 ಎಂದರೆ ಖಾಲಿ ತಂತಿ) ಯುಕುಲೆಲೆಯಲ್ಲಿ ಜಿ. ಗಿಟಾರ್‌ನ ಜಿ ಕಾರ್ಡ್‌ನಲ್ಲಿ ಕೊನೆಯ ನಾಲ್ಕು ತಂತಿಗಳನ್ನಷ್ಟೇ ತೆಗೆದುಕೊಂಡರೆ 0003. ಯುಕುಲೆಲೆಯಲ್ಲಿ ಅದು ಸಿ. ಗಿಟಾರ್‌ನ ಸಿ (2010) ಅಲ್ಲಿ ಎಫ್ ಆಗುತ್ತದೆ, ಎ ಮೈನರ್ (2210) ಡಿ ಮೈನರ್ ಆಗುತ್ತದೆ, ಇ ಮೈನರ್ (2000) ಎ ಮೈನರ್ ಆಗುತ್ತದೆ. ಆಕಾರ ಅದೇ, ಸ್ವರ ಐದು ಅರ್ಧಸ್ವರ ಮೇಲೆ.

ಯುಕುಲೆಲೆಯನ್ನು ಗಿಟಾರ್‌ನ ಮರಿ ಅಂದುಕೊಳ್ಳುವವರಿದ್ದಾರೆ. ಅದರ ಹಾದಿ ಬೇರೆ. ಮಡೀರಾ ದ್ವೀಪದಿಂದ 1879ರಲ್ಲಿ ರೇವನ್ಸ್‌ಕ್ರ್ಯಾಗ್ ಹಡಗಿನಲ್ಲಿ ಹೊನೊಲುಲುವಿಗೆ ಬಂದವರ ಪೈಕಿ ಮ್ಯಾನುಯೆಲ್ ನೂನೆಸ್, ಅಗುಸ್ತೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸದವರಿದ್ದರು. ತಮ್ಮ ಊರಿನ ಪುಟ್ಟ ತಂತಿವಾದ್ಯಗಳ ಮಾದರಿಯಲ್ಲಿ ಅವರು ಹವಾಯಿಯಲ್ಲಿ ಮಾಡತೊಡಗಿದ ವಾದ್ಯಗಳಿಂದ ಇದು ಬೆಳೆಯಿತು. ನಾವು ಇಂದು ಹಿಡಿಯುವ ಗಿಟಾರ್‌ನ ಮೈಕಟ್ಟು ಅದಕ್ಕೆ ತುಸು ಮುಂಚೆ, 19ನೇ ಶತಮಾನದ ಮಧ್ಯಭಾಗದಲ್ಲಿ, ಸ್ಪೇನಿನ ಆಂಟೋನಿಯೊ ದೆ ಟೊರೆಸ್ ಕೈಯಲ್ಲಿ ರೂಪುಗೊಂಡಿತು. ಇನ್ನೂ ಹಿಂದಕ್ಕೆ ಹೋದರೆ, 16ನೇ ಶತಮಾನದ ಯೂರೋಪಿನಲ್ಲಿ ನಾಲ್ಕೇ ಸಾಲು ತಂತಿಗಳ ಗಿಟಾರ್ ಇತ್ತು, ಅದರ ಸ್ವರಾಂತರಗಳೂ ಇವೇ. ಆ ಕಾಲದ ಗಿಟಾರ್ ರಚನೆಗಳು ಯುಕುಲೆಲೆಯ ಮೇಲೆ ಸಲೀಸಾಗಿ ಕೂರುವುದು ಇದಕ್ಕೇ.

ಆಕಾರ ಒಂದು, ಹೆಸರು ಎರಡು

ಎರಡನ್ನೂ ಕಲಿಯುವವರು ಹೆಚ್ಚು ಎಡವುವುದು ಇಲ್ಲಿ. ಬೆರಳುಗಳು ಒಂದೇ ಕಡೆ ಕೂತಿವೆ, ಬಾಯಿ ಮಾತ್ರ ಒಮ್ಮೆ "ಡಿ" ಅನ್ನಬೇಕು, ಒಮ್ಮೆ "ಜಿ" ಅನ್ನಬೇಕು. ಎರಡು ಹೆಸರೂ ಒಂದಕ್ಕೊಂದು ಅಡ್ಡ ಬರುತ್ತವೆ.

ಅಕ್ಷರಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಹಾಡಿನ ಆಧಾರ ಸ್ವರದಿಂದ ಎಣಿಸಿದ ಒಂದು, ನಾಲ್ಕು, ಐದು ಎಂಬ ಸ್ಥಾನಗಳಲ್ಲಿ ಯೋಚಿಸುವುದೇ ಇದಕ್ಕೆ ಒಳ್ಳೆಯ ಮದ್ದು. ಗಿಟಾರ್‌ನಲ್ಲಿ ಜಿ, ಸಿ, ಡಿ ಬಾರಿಸುತ್ತೀರಿ. ಅದೇ ಆಕಾರಗಳು ಯುಕುಲೆಲೆಯಲ್ಲಿ ಸಿ, ಎಫ್, ಜಿ. ಎರಡೂ ಕಡೆ ಅದು ಒಂದು, ನಾಲ್ಕು, ಐದು. ಹಾಡಿನ ಚೌಕಟ್ಟು ಸಂಖ್ಯೆಯಲ್ಲಿ ಮನಸ್ಸಿನಲ್ಲಿದ್ದರೆ ವಾದ್ಯ ಬದಲಾದಾಗ ಗಲಿಬಿಲಿ ಆಗುವುದಿಲ್ಲ. ಸಂಖ್ಯೆಯ ಈ ಪಾಠ ಪೂರ್ತಿಯಾಗಿ ದಾಟುವಂಥದ್ದು, ಯಾವ ವಾದ್ಯದ ಹೊತ್ತಿನಲ್ಲಿ ಕಲಿತರೂ ನಡೆಯುತ್ತದೆ.

ಮೊದಲಿಗೆ ಹಾಡನ್ನು ಅದೇ ಆಕಾರಗಳಲ್ಲಿ ಎರಡರ ಮೇಲೂ ಬಾರಿಸಿ, ಶ್ರುತಿ ಬದಲಾಗಲಿ ಬಿಡಿ. ಕೈ ಹೊಂದಿಕೊಂಡ ಮೇಲೆ ಅದೇ ಶ್ರುತಿಯಲ್ಲಿ, ಬೇರೆ ಆಕಾರಗಳಲ್ಲಿ ಬಾರಿಸಿ. ನಿಜವಾದ ಕಲಿಕೆ ಎರಡನೆಯದರಲ್ಲಿದೆ, ಯಾಕೆಂದರೆ ಎರಡು ವಾದ್ಯಗಳಿಗೂ ಸುಲಭವಾದ ಶ್ರುತಿಗಳು ಒಂದೇ ಅಲ್ಲ. ಗಿಟಾರ್ ಕಲಿಯುವವರಿಗೆ ಎಫ್ ಕಾರ್ಡ್ ದೊಡ್ಡ ಬೆಟ್ಟ. ತೋರುಬೆರಳನ್ನು ಅಡ್ಡ ಮಲಗಿಸಿ ಎಲ್ಲ ತಂತಿಗಳನ್ನೂ ಒತ್ತಬೇಕು. ಯುಕುಲೆಲೆಯಲ್ಲಿ ಎಫ್‌ಗೆ ಎರಡು ಬೆರಳು ಸಾಕು. ಇ ಕಾರ್ಡ್ ತದ್ವಿರುದ್ಧ: ಗಿಟಾರ್‌ನಲ್ಲಿ ಮೊದಲ ವಾರದಲ್ಲೇ ಬರುವಂಥದ್ದು, ಯುಕುಲೆಲೆಯಲ್ಲಿ 4442 ಎಂದು ಮೂರು ತಂತಿಗಳನ್ನು ಒಟ್ಟಿಗೆ ಅದುಮಬೇಕಾದ ತ್ರಾಸದ ಆಕಾರ. ಎಫ್ ಶ್ರುತಿಯ ಹಾಡಿನಲ್ಲಿ ಯುಕುಲೆಲೆಯ ಜೊತೆಗೆ ಗಿಟಾರ್ ಸೇರಬೇಕಾದರೆ ಮೂರನೇ ಫ್ರೆಟ್‌ಗೆ ಕೇಪೋ ಹಾಕಿ ಡಿ, ಜಿ, ಎ ಆಕಾರಗಳನ್ನು ಹಿಡಿದರೆ ಎಫ್, ಬಿ ಫ್ಲ್ಯಾಟ್, ಸಿ ಸಿಗುತ್ತವೆ.

ಎಡಗೈ: ಅಳತೆ ಮತ್ತು ಒತ್ತಡ

ಆಕಾರ ದಾಟಿತು ಎಂದರೆ ಕೈ ದಾಟಿತು ಎಂದಲ್ಲ. ಕ್ಲಾಸಿಕಲ್ ಗಿಟಾರ್‌ನ ತಂತಿಯ ಉದ್ದ ಸಾಮಾನ್ಯವಾಗಿ 650 ಮಿ.ಮೀ.; ಅದರ ಮೊದಲ ಫ್ರೆಟ್‌ನ ಅಗಲ 36 ಮಿ.ಮೀ.ಗಿಂತ ತುಸು ಹೆಚ್ಚು. ಚಿಕ್ಕ ಗಾತ್ರದ ಯುಕುಲೆಲೆಯಾದ ಸೊಪ್ರಾನೊದ ತಂತಿ ಸುಮಾರು 345 ಮಿ.ಮೀ., ಅದರ ಮೊದಲ ಫ್ರೆಟ್ 19 ಮಿ.ಮೀ. ಆಸುಪಾಸು. ಹೆಚ್ಚುಕಮ್ಮಿ ಅರ್ಧ. ಗಿಟಾರ್‌ನಲ್ಲಿ ಬೆರಳನ್ನು ಚಾಚಬೇಕಿದ್ದ ಜಾಗದಲ್ಲಿ ಇಲ್ಲಿ ಬೆರಳುಗಳನ್ನು ಒಂದರ ಪಕ್ಕ ಒಂದು ಒತ್ತರಿಸಿಕೊಂಡು ಕೂರಿಸಬೇಕು.

ಇದಕ್ಕೆ ಗಿಟಾರ್‌ನ ಮೇಲೇ ಒಂದು ಪೂರ್ವಾಭ್ಯಾಸ ಮಾಡಬಹುದು. ಗಿಟಾರ್‌ನಲ್ಲಿ ಮೇಲೆ ಮೇಲೆ ಹೋದಂತೆ ಫ್ರೆಟ್‌ಗಳು ಕಿರಿದಾಗುತ್ತವಲ್ಲ, ಹನ್ನೊಂದನೇ ಫ್ರೆಟ್ ದಾಟಿದ ಮೇಲಿನ ಅಳತೆ ಸೊಪ್ರಾನೊ ಯುಕುಲೆಲೆಯ ಶುರುವಿನ ಅಳತೆಗೆ ಸಮ. ಒಂಬತ್ತನೇ ಫ್ರೆಟ್‌ನ ಆಚೆ ಕನ್ಸರ್ಟ್ ಗಾತ್ರದ್ದು, ಏಳನೇ ಫ್ರೆಟ್‌ನ ಆಚೆ ಟೆನರ್‌ನದು ಸಿಗುತ್ತದೆ. ಏಳನೇ ಫ್ರೆಟ್‌ಗೆ ಕೇಪೋ ಹಾಕಿ ಒಂದು ಹಾಡು ಬಾರಿಸಿದರೆ ಟೆನರ್ ಹಿಡಿದಾಗ ಎಡಗೈಗೆ ಹೇಗನಿಸುತ್ತದೆ ಎಂದು ಗೊತ್ತಾಗುತ್ತದೆ. ಗಿಟಾರ್ ಇದ್ದು ಯುಕುಲೆಲೆ ಕೊಳ್ಳಬೇಕೆಂದಿರುವವರು ಯಾವ ಗಾತ್ರ ಎಂದು ತೀರ್ಮಾನಿಸಲೂ ಇದು ನೆರವಾಗುತ್ತದೆ.

ಅಳತೆಗೆ ಕೈ ಬೇಗ ಒಗ್ಗುತ್ತದೆ. ಒತ್ತಡಕ್ಕೆ ಒಗ್ಗುವುದು ನಿಧಾನ, ಹೊತ್ತನ್ನು ಕೇಳುವುದೂ ಇದೇ. ಉಕ್ಕಿನ ತಂತಿಯ ಗಿಟಾರ್‌ನಲ್ಲಿ ತಂತಿಗಳೆಲ್ಲ ಸೇರಿ ಎಳೆಯುವ ಬಲ ಸುಮಾರು 70 ಕಿಲೋ ಭಾರದಷ್ಟು. ಯುಕುಲೆಲೆಯ ತಂತಿಗಳು ಮೆತ್ತಗೆ, ಎಳೆತ ಅದರ ಒಂದು ಸಣ್ಣ ಪಾಲು. ಗಿಟಾರ್ ಬಿಟ್ಟು ನೇರ ಯುಕುಲೆಲೆ ಎತ್ತಿಕೊಂಡರೆ ಕೈ ಅದೇ ಬಿಗಿಯಲ್ಲಿ ಅದುಮುತ್ತದೆ, ಮೆದು ತಂತಿ ಬಾಗಿ ಸ್ವರ ಮೇಲೇರುತ್ತದೆ. ವಾದ್ಯದ ಶ್ರುತಿ ಸರಿಯಿದ್ದೂ ಕಾರ್ಡ್ ಅಪಸ್ವರ ಅನಿಸುವುದು ಎಷ್ಟೋ ಸಲ ಇದರಿಂದಲೇ. ತಿರುಗಾಮುರುಗ ಮಾಡಿದರೆ, ಯುಕುಲೆಲೆಯ ಹಗುರ ಕೈ ಗಿಟಾರ್‌ಗೆ ಸಾಲದೆ ತಂತಿ ಬುರಬುರ ಅನ್ನುತ್ತದೆ.

ಇದನ್ನು ತಿದ್ದಲು ಒಂದು ಪುಟ್ಟ ಅಭ್ಯಾಸ. ಯುಕುಲೆಲೆಯಲ್ಲಿ ಸಿ ಕಾರ್ಡ್ ಹಿಡಿಯಿರಿ, ಒಂದೇ ಬೆರಳು, ಮೊದಲ ತಂತಿಯ ಮೂರನೇ ಫ್ರೆಟ್. ಬೆರಳನ್ನು ತಂತಿಗೆ ಮುಟ್ಟಿಸಿ, ಒತ್ತಬೇಡಿ. ಮೀಟಿದರೆ ಟಪ್ ಎಂಬ ಸದ್ದು ಬರುತ್ತದೆ. ಮೀಟುತ್ತಲೇ ಸ್ವಲ್ಪ ಸ್ವಲ್ಪ ಒತ್ತುತ್ತ ಹೋಗಿ. ಬುರಬುರ ನಿಂತು ಸ್ವರ ಶುದ್ಧವಾದ ಕ್ಷಣಕ್ಕೆ ಬೆರಳನ್ನು ಅಲ್ಲೇ ನಿಲ್ಲಿಸಿ. ಬೇಕಾದ ಒತ್ತಡ ಅಷ್ಟೇ. ಈಗ ಇನ್ನೂ ಬಲವಾಗಿ ಅದುಮಿ, ಸ್ವರ ಏರುವುದು ಕಿವಿಗೆ ಬೀಳುತ್ತದೆ. ಟ್ಯೂನರ್ ಎದುರಿಗಿಟ್ಟುಕೊಂಡರೆ ಮುಳ್ಳು ಸರಿಯುವುದೂ ಕಾಣುತ್ತದೆ. ವಾದ್ಯ ಬದಲಿಸಿದಾಗಲೆಲ್ಲ ಮೊದಲ ಒಂದೆರಡು ನಿಮಿಷ ಇದನ್ನು ಮಾಡಿ, ಹೊಸ ವಾದ್ಯದ ತೂಕ ಕೈಗೆ ನೆನಪಾಗುತ್ತದೆ.

ಬಲಗೈ

ತಾಳ, ಲಯ, ಮೆಟ್ರೋನೋಮ್ (ತಾಳ ಎಣಿಸುವ ಸಾಧನ) ಜೊತೆ ನಿಲ್ಲುವುದು, ಮೇಲೆ ಕೆಳಗೆ ಸ್ಟ್ರಮ್ ಮಾಡುವ (ತಂತಿಗಳನ್ನೆಲ್ಲ ಒಂದೇ ಬೀಸಿನಲ್ಲಿ ಬಾರಿಸುವ) ಕ್ರಮ ದಾಟುತ್ತವೆ. ನಾದ ಹೊರಡಿಸುವ ರೀತಿ ದಾಟುವುದಿಲ್ಲ. ಗಿಟಾರ್‌ನಲ್ಲಿ ಪಿಕ್ ಹಿಡಿದು ನಾದರಂಧ್ರದ ಹತ್ತಿರ ಬಾರಿಸುತ್ತೇವೆ, ಮೊಣಕೈಯಿಂದ ತುಸು ಚಲನೆ ಇರುತ್ತದೆ. ಯುಕುಲೆಲೆಯಲ್ಲಿ ಕುತ್ತಿಗೆ ಮೈಗೆ ಸೇರುವ ಜಾಗದಲ್ಲಿ, ತೋರುಬೆರಳಿನ ಉಗುರಿನಿಂದ, ಮಣಿಕಟ್ಟನ್ನು ಸಡಿಲ ಬಿಟ್ಟು ಬಾರಿಸಿದರೆ ದುಂಡನೆಯ ನಾದ ಬರುತ್ತದೆ.

ನಾಲ್ಕನೇ ತಂತಿ ಮೇಲಿನ ಸ್ಥಾಯಿಯಲ್ಲಿರುವುದರ ಪರಿಣಾಮ ಗೊತ್ತಾಗುವುದೂ ಬಲಗೈಯಲ್ಲೇ. ಗಿಟಾರ್‌ನಲ್ಲಿ ಜಿ ಆಕಾರ ಹಿಡಿದು ನಾಲ್ಕನೇ ತಂತಿಯಿಂದ ಒಂದೊಂದೇ ಮೀಟಿದರೆ ಡಿ, ಜಿ, ಬಿ, ಜಿ ಎಂದು ಸ್ವರ ಏರುತ್ತಲೇ ಹೋಗುತ್ತದೆ. ಅದೇ ಆಕಾರ, ಅದೇ ಬೆರಳಿನ ಕ್ರಮ ಯುಕುಲೆಲೆಯಲ್ಲಿ ಮೇಲಿನ ಜಿ ಇಂದ ಶುರುವಾಗಿ ಕೆಳಗೆ ಸಿ ಗೆ ಇಳಿದು, ಇ ಮೂಲಕ ಮೇಲಿನ ಸಿ ಗೆ ಏರುತ್ತದೆ. ಹೆಬ್ಬೆರಳಿನಲ್ಲಿ ಮಂದ್ರ ಸ್ವರಗಳನ್ನು ನಡೆಸುವ ಗಿಟಾರ್ ಶೈಲಿ ಇಲ್ಲಿ ನೆಲೆ ಕಳೆದುಕೊಳ್ಳುತ್ತದೆ. ಸ್ಟ್ರಮ್‌ನಲ್ಲೂ ಹೀಗೇ: ಗಿಟಾರ್‌ನಲ್ಲಿ ಕೆಳಗೆ ಬೀಸಿದರೆ ಮಂದ್ರ ಮೊದಲು, ಮೇಲೆ ಬೀಸಿದರೆ ತಾರ ಮೊದಲು. ಯುಕುಲೆಲೆಯಲ್ಲಿ ಎರಡು ಅಂಚಿನ ತಂತಿಗಳೂ ಮೇಲಿನ ಸ್ವರದವು, ಹಾಗಾಗಿ ಎರಡು ಬೀಸುಗಳೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವೆ. ತಾಳದ ಒತ್ತನ್ನು ಕೈಯ ಬಲದಿಂದಲೇ ತೋರಿಸಬೇಕು.

ಕೊರತೆ ಅನಿಸುವ ಇದೇ ತಂತಿ ಒಂದು ಚೆಲುವನ್ನೂ ತರುತ್ತದೆ. ಸಿ ಮೇಜರ್ ಸ್ವರಶ್ರೇಣಿಯ ಮೇಲಿನ ಅರ್ಧವನ್ನು ಹೀಗೆ ಬಾರಿಸಿ: ಜಿ ನಾಲ್ಕನೇ ತಂತಿ ಖಾಲಿ, ಎ ಮೊದಲ ತಂತಿ ಖಾಲಿ, ಬಿ ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್, ಸಿ ಮೊದಲ ತಂತಿಯ ಮೂರನೇ ಫ್ರೆಟ್. ಅಕ್ಕಪಕ್ಕದ ಸ್ವರಗಳು ಬೇರೆ ಬೇರೆ ತಂತಿಗಳಲ್ಲಿ ಇರುವುದರಿಂದ ಒಂದರ ಗುಂಗು ಅಡಗುವ ಮೊದಲೇ ಇನ್ನೊಂದು ಬಂದು ಸೇರುತ್ತದೆ, ಸಾಲು ಗಂಟೆ ಬಾರಿಸಿದ ಹಾಗೆ. ಈ ಶೈಲಿಗೆ ಕ್ಯಾಂಪನೆಲ್ಲಾ ಎನ್ನುತ್ತಾರೆ. ನನ್ನ ಮಟ್ಟಿಗೆ ಯುಕುಲೆಲೆಗಾಗಿಯೇ ಪ್ರತ್ಯೇಕ ಹೊತ್ತು ತೆಗೆದಿಡಲು ಇದೊಂದೇ ಕಾರಣ ಸಾಕು. ಗಿಟಾರ್‌ನಲ್ಲಿ ಕಲಿತ ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲ, ಅದಕ್ಕೇ ಇದನ್ನು ಕಲಿಯುವುದು ಅಷ್ಟು ಹಿತ.

ಇನ್ನು ನಿಮಿಷಗಳ ಲೆಕ್ಕ

ಎರಡನ್ನೂ ಹೊಸದಾಗಿ ಶುರು ಮಾಡುವವರು ಒಂದೇ ದಿನ ಶುರು ಮಾಡುವುದು ಬೇಡ. ಒಂದರ ಮೇಲೆ ಕೈ ನೋಡದೆ ನಾಲ್ಕೈದು ಕಾರ್ಡ್‌ಗಳನ್ನು ತಾಳ ತಪ್ಪದೆ ಬದಲಿಸಲು ಬರಲಿ, ಆಮೇಲೆ ಎರಡನೆಯದು. ಯಾವುದು ಮೊದಲು ಎಂದರೆ, ಬೆರಳು ನೋಯುವುದು ಕಡಿಮೆ ಎಂಬ ಕಾರಣಕ್ಕೆ ನಾನು ಯುಕುಲೆಲೆ ಎನ್ನುತ್ತೇನೆ. ಗಿಟಾರ್‌ನ ಹಾಡುಗಳೇ ಮನಸ್ಸಿನಲ್ಲಿ ತುಂಬಿದ್ದರೆ ಗಿಟಾರೇ ಮೊದಲಾಗಲಿ. ಆಸೆಯಿದ್ದ ಕಡೆ ಕೈ ಓಡುತ್ತದೆ.

ಎರಡೂ ಕೈಗೆ ಬಂದ ಮೇಲೆ ಹಂಚಿಕೆಯ ಮೊದಲ ನಿಯಮ ಚರ್ಮಕ್ಕೆ ಸಂಬಂಧಿಸಿದ್ದು. ಉಕ್ಕಿನ ತಂತಿಗೆ ಬೆರಳ ತುದಿ ಗಟ್ಟಿಯಾಗಬೇಕು, ಅದು ಗಟ್ಟಿಯಾಗುವುದು ಆಗಾಗ ಬೀಳುವ ಒತ್ತಡದಿಂದ. ಕೆಲವು ವಾರ ಬಿಟ್ಟರೆ ಮತ್ತೆ ಮೆದುವಾಗುತ್ತದೆ. ಹಾಗಾಗಿ ಗಿಟಾರ್‌ಗೆ ದಿನಕ್ಕೆ ಹತ್ತು ನಿಮಿಷವಾದರೂ ಇರಲಿ. ಭಾನುವಾರ ಒಂದೇ ಸಲ ಎಪ್ಪತ್ತು ನಿಮಿಷ ಕೂತರೆ ಬೆರಳು ಉರಿಯುವುದೊಂದೇ ಲಾಭ. ಯುಕುಲೆಲೆಗೆ ಈ ಕಟ್ಟಳೆಯಿಲ್ಲ. ನಡುವೆ ಒಂದೆರಡು ದಿನ ತಪ್ಪಿದರೂ ಕೈ ಹಿಂದೆ ಬೀಳುವುದಿಲ್ಲ.

ಎರಡನೆಯದು, ದಿನ ಬಿಟ್ಟು ದಿನವೋ, ಒಂದೇ ಕೂಟದಲ್ಲಿ ಎರಡೂ ಸೇರಿಸಿಯೋ ಎಂಬುದು. ಇದಕ್ಕೆ 1979ರ ಒಂದು ಪ್ರಯೋಗ ದಾರಿ ತೋರಿಸುತ್ತದೆ. ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಕೆಲವರಿಗೆ ಮೂರು ಬಗೆಯ ಕೈ ಚಲನೆಗಳನ್ನು ಕಲಿಸಿದರು. ಒಂದು ಗುಂಪು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು, ಮತ್ತೊಂದು ಗುಂಪು ಮೂರನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಚುರುಕಾಗಿತ್ತು. 10 ದಿನಗಳ ಬಳಿಕ ಪರೀಕ್ಷಿಸಿದಾಗ ಕಲಸಿ ಕಲಿತವರ ಕೈಯಲ್ಲೇ ವಿದ್ಯೆ ಹೆಚ್ಚು ಉಳಿದಿತ್ತು. ಒಂದೇ ಕೂಟದಲ್ಲಿ ವಾದ್ಯ ಬದಲಿಸಿದಾಗ ಕೈ ತಡವರಿಸುತ್ತದಲ್ಲ, ಆ ತಡವರಿಕೆ ಕಂಡು ಅಭ್ಯಾಸ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಆದರೆ ಹೊಚ್ಚ ಹೊಸ ಸಂಗತಿ ಕಲಿಯುವ ದಿನ ಕಲಸುವುದು ಬೇಡ. ತೋರುಬೆರಳನ್ನು ಅಡ್ಡ ಮಲಗಿಸುವ ಬ್ಯಾರೆ ಕಾರ್ಡ್ ಹಿಡಿಯಲು ಒದ್ದಾಡುತ್ತಿರುವ ವಾರ ಗಿಟಾರ್‌ಗೇ ಹೆಚ್ಚು ಹೊತ್ತು ಕೊಡಿ.

ನಲವತ್ತು ನಿಮಿಷದ ಒಂದು ಮಾದರಿ: ಮೊದಲ ಐದು ನಿಮಿಷ ಯುಕುಲೆಲೆಯಲ್ಲಿ ಮೆಟ್ರೋನೋಮ್ ಜೊತೆ ಸ್ಟ್ರಮ್, ಕೈ ಬೆಚ್ಚಗಾಗಲು. ಮುಂದಿನ ಹದಿನೈದು ಗಿಟಾರ್, ಕೈಯಲ್ಲಿ ಕಸುವಿರುವಾಗಲೇ ಕಷ್ಟದ ಕೆಲಸ. ಮತ್ತೆ ಯುಕುಲೆಲೆಗೆ ಬಂದು ಒತ್ತಡದ ಅಭ್ಯಾಸ ಎರಡು ನಿಮಿಷ, ಕ್ಯಾಂಪನೆಲ್ಲಾ ಹತ್ತು ನಿಮಿಷ. ಉಳಿದದ್ದರಲ್ಲಿ ಒಂದೇ ಹಾಡನ್ನು ಎರಡರ ಮೇಲೂ, ಸಂಖ್ಯೆ ಹೇಳಿಕೊಂಡು. ಬೆರಳು ನೋಯುತ್ತಿದ್ದರೆ ಗಿಟಾರ್‌ನ ಪಾಲನ್ನು ಇಳಿಸಿ, ದಾಟುವ ಕೆಲಸಗಳನ್ನೆಲ್ಲ ಯುಕುಲೆಲೆಗೆ ವರ್ಗಾಯಿಸಿ. ಕಾರ್ಡ್ ಬದಲಾವಣೆಯ ವೇಗವನ್ನು ಮೆದು ತಂತಿಯ ಮೇಲೆ ಗಳಿಸಿಕೊಂಡು ಗಿಟಾರ್‌ಗೆ ಒಯ್ಯಬಹುದು.

ಎರಡೂ ವಾದ್ಯ ಕಣ್ಣಿಗೆ ಬೀಳುವ ಕಡೆ ಸ್ಟ್ಯಾಂಡ್ ಮೇಲಿರಲಿ. ಯುಕುಲೆಲೆಗೆ ಹೊಸ ತಂತಿ ಹಾಕಿದರೆ ಅದು ಹಿಗ್ಗಿ ನೆಲೆ ನಿಲ್ಲಲು ಕೆಲವು ದಿನ ಬೇಕು, ಪದೇ ಪದೇ ಶ್ರುತಿ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಗಿಟಾರ್‌ಗೆ ಹೆಚ್ಚು ಹೊತ್ತು ಬೇಕಾದ ವಾರ ನೋಡಿಕೊಂಡು ಯುಕುಲೆಲೆಯ ತಂತಿ ಬದಲಿಸಿ. ಯಾರ ಮುಂದಾದರೂ ಬಾರಿಸುವುದಿದ್ದರೆ ಹಿಂದಿನ ಮೂರ್ನಾಲ್ಕು ದಿನ ಅಂದು ಹಿಡಿಯಲಿರುವ ವಾದ್ಯವೇ ಕೈಯಲ್ಲಿರಲಿ. ಅಂದು ಎರಡನ್ನೂ ಬಾರಿಸುವುದಾದರೆ ಯುಕುಲೆಲೆಯ ಹಾಡು ಮೊದಲು, ಗಿಟಾರ್‌ನದು ಆಮೇಲೆ. ಹಗುರ ಕೈಯಿಂದ ಬಿಗಿ ಕೈಗೆ ಹೋಗುವುದು ಸುಲಭ. ಬಿಗಿದ ಕೈಯನ್ನು ಎಲ್ಲರೆದುರು ಸಡಿಲಿಸುವುದು ಕಷ್ಟ.