ಆ್ಯಪ್ ವರ್ಷನ್ ಎಷ್ಟು? ಫೋನನ್ನೇ ಕೇಳಿ

ಬ್ಯಾಡಗಿ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ನೋಡಿಕೊಳ್ಳುವ ಹುಡುಗನೊಬ್ಬ ಹುಬ್ಬಳ್ಳಿಯ ನಮ್ಮ ಆಫೀಸಿಗೆ ಬಂದಿದ್ದ. "ಸರ, ಪ್ಲೇ ಸ್ಟೋರ್‌ನಾಗ 2.3.0 ಐತಿ, ಆ್ಯಪ್‌ನಾಗ 2.1.0 ಅಂತ ಬರತೈತಿ. ಯಾವ್ದು ಖರೇ?" ಪ್ಲೇ ಸ್ಟೋರಿನದೇ ಖರೆ. ಆ್ಯಪ್‌ನ 'ನಮ್ಮ ಬಗ್ಗೆ' ಪುಟದಲ್ಲಿ ಯಾರೋ 2.1.0 ಅಂತ ಕೈಯಾರೆ ಟೈಪ್ ಮಾಡಿಟ್ಟಿದ್ದರು. ಹೊಸ ಬಿಲ್ಡ್ (ಬಿಡುಗಡೆಗೆ ಕಟ್ಟಿದ ಆ್ಯಪ್) ಬಂದಾಗ ಅದನ್ನು ತಿದ್ದಲು ಯಾರಿಗೂ ನೆನಪಾಗಿಲ್ಲ.

ಹೈಬ್ರಿಡ್ ಆ್ಯಪ್‌ನಲ್ಲಿ, ಅಂದರೆ ವೆಬ್ ಪುಟಗಳನ್ನೇ ಆ್ಯಪ್ ಆಗಿ ಸುತ್ತಿಕೊಟ್ಟದ್ದರಲ್ಲಿ, ನಮ್ಮ ಜಾವಾಸ್ಕ್ರಿಪ್ಟ್ ವೆಬ್‌ವ್ಯೂ (ಆ್ಯಪ್ ಒಳಗಿನ ಬ್ರೌಸರ್) ಒಳಗೆ ಓಡುತ್ತದೆ. ವರ್ಷನ್, ಪ್ಯಾಕೇಜ್ ಹೆಸರು ಇರುವುದು ನೇಟಿವ್ ಕಡೆ, ಅಂದರೆ ಫೋನಿನ ಸಿಸ್ಟಮ್‌ಗೆ ಅಂತಲೇ ಕಟ್ಟಿದ ಭಾಗದಲ್ಲಿ. ಆಂಡ್ರಾಯ್ಡ್‌ನಲ್ಲಿ ಗ್ರೇಡಲ್ ಫೈಲು, ಐಒಎಸ್‌ನಲ್ಲಿ ಇನ್ಫೋ ಪಿಲಿಸ್ಟ್. ಜಾವಾಸ್ಕ್ರಿಪ್ಟ್‌ಗೆ ಇವು ನೇರವಾಗಿ ಸಿಗುವುದಿಲ್ಲ, ನಡುವೆ ಸೇತುವೆಯಾಗಿ ಒಂದು ಪ್ಲಗಿನ್ ಬೇಕು.

ಹೈಬ್ರಿಡ್ ಆ್ಯಪ್ ಕಟ್ಟಲು ಕೆಪಾಸಿಟರ್ ಎಂಬ ಸಾಧನ ಬಳಸುವವರಿಗೆ ಕೆಲಸ ಸುಲಭ. ಆ್ಯಪ್ ಪ್ಲಗಿನ್‌ನ ಗೆಟ್‌ಇನ್ಫೋ ಕರೆದರೆ ಹೆಸರು, ಐಡಿ, ಬಿಲ್ಡ್ ನಂಬರ್, ವರ್ಷನ್ ನಾಲ್ಕೂ ಬರುತ್ತವೆ. ಇಷ್ಟು ಸಣ್ಣ ಕೆಲಸಕ್ಕೆ ಸೋಮಾರಿತನ ಮಾಡಿ ಟೈಪ್ ಮಾಡಿಬಿಡುತ್ತಾರೆ, ಅದೇ ಬೇಜಾರು. ಉತ್ತರ ಪ್ರಾಮಿಸ್ ಆಗಿ, ಅಂದರೆ ಸ್ವಲ್ಪ ತಡವಾಗಿ ಬರುತ್ತದೆ, ಹಾಗಾಗಿ ಕಾಯಲು ಅವೇಟ್ ಹಾಕಿ. ಬ್ರೌಸರ್‌ನಲ್ಲಿ ಟೆಸ್ಟ್ ಮಾಡುವಾಗ ಇದು ಎರರ್ ಕೊಡುತ್ತದೆ, ಗಾಬರಿ ಬೇಡ. ಅಲ್ಲಿ ನೇಟಿವ್ ಕಡೆ ಅನ್ನುವುದೇ ಇಲ್ವಲ್ಲ! ಇನ್ನೊಂದು: ಬಿಲ್ಡ್ ನಂಬರ್ ಬರುವುದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ. ಹಾಗೇ ಹೋಲಿಸಿದರೆ 10ಕ್ಕಿಂತ 9 ದೊಡ್ಡದಾಗಿಬಿಡುತ್ತದೆ. ಆಗ 'ಅಪ್‌ಡೇಟ್ ಮಾಡಿ' ಅನ್ನುವ ಪರದೆ ಬೇಡದವರಿಗೆ ಬರುತ್ತದೆ, ಬೇಕಾದವರಿಗೆ ಬರುವುದಿಲ್ಲ. ಮೊದಲು ನಂಬರ್ ಮಾಡಿಕೊಳ್ಳಿ.

ಕಾರ್ಡೋವಾ ಅನ್ನುವ ಇನ್ನೊಂದು ಸಾಧನದಲ್ಲಿ ಕಟ್ಟಿದ ಹಳೆಯ ಆ್ಯಪ್‌ಗಳದು ಸ್ವಲ್ಪ ತಕರಾರು. ಟೆಸ್ಟ್ ಸರ್ವರ್ ವಿಳಾಸದಂಥ ನಮ್ಮದೇ ಸೆಟ್ಟಿಂಗ್‌ಗಳನ್ನು ಕಾನ್ಫಿಗ್ ಎಕ್ಸ್‌ಎಂಎಲ್‌ನಲ್ಲಿ ಪ್ರಿಫರೆನ್ಸ್ ಅಂತ ಬರೆಯುತ್ತೇವೆ. ಕಾರ್ಡೋವಾ ಆ ಹೆಸರುಗಳನ್ನೆಲ್ಲ ಸಣ್ಣಕ್ಷರಕ್ಕೆ ಇಳಿಸಿ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಸೆಟ್ಟಿಂಗ್ ಓದುವ ಗೆಟ್‌ಸ್ಟ್ರಿಂಗ್, ನಾವು ಕೇಳುವ ಹೆಸರನ್ನೂ ತಾನೇ ಇಳಿಸಿಕೊಳ್ಳುತ್ತದೆ. ಐಒಎಸ್‌ನಲ್ಲಿ ನಾವೇ ಇಳಿಸಿ ಕೇಳುವುದು ಕ್ಷೇಮ. ಆಂಡ್ರಾಯ್ಡ್‌ನಲ್ಲಿ ಓಡಿದ್ದು ಐಫೋನ್‌ನಲ್ಲಿ ಖಾಲಿ ಬಂದರೆ ಮೊದಲು ಇದನ್ನೇ ನೋಡಿ. ಹೆಸರು ಸಿಗದಿದ್ದರೆ ಇರಲಿ ಅಂತ ಗೆಟ್‌ಸ್ಟ್ರಿಂಗ್‌ಗೆ ಕೊಡುವ ಡೀಫಾಲ್ಟ್ ವ್ಯಾಲ್ಯೂ ಕೂಡ ಮೋಸ ಮಾಡುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಎರರ್ ಇಲ್ಲ, ಸುಮ್ನೆ ಡೀಫಾಲ್ಟ್ ಕೊಟ್ಟು ಕೂರುತ್ತದೆ. ಸರ್ವರ್ ವಿಳಾಸಕ್ಕೆ ಡೀಫಾಲ್ಟ್ ಇಡಲೇಬೇಡಿ. ಪ್ಲಾಟ್‌ಫಾರ್ಮ್ಸ್ ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಕಾಪಿಯನ್ನೂ ತಿದ್ದಬೇಡಿ, ಮುಂದಿನ ಸಲ ಕಾರ್ಡೋವಾದ ಪ್ರಿಪೇರ್ ಕಮಾಂಡ್ ಓಡಿಸಿದಾಗ ಅಳಿಸಿ ಹೋಗುತ್ತದೆ.

ಕಾನ್ಫಿಗ್ ನೇಟಿವ್ ಕಡೆ ಇದ್ದರೆ ಗುಟ್ಟಾಗಿ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಫೈಲು, ಒಂದು ಜಿಪ್ ಫೈಲು, ಯಾರು ಬೇಕಾದರೂ ಬಿಚ್ಚಬಹುದು. ಪೇಮೆಂಟ್ ಗೇಟ್‌ವೇಯ ಸೀಕ್ರೆಟ್ ಕೀ ನಿಮ್ಮ ಸರ್ವರ್‌ನಲ್ಲೇ ಇರಲಿ. ಈಗಾಗಲೇ ಅದು ಆ್ಯಪ್ ಒಳಗೆ ಸೇರಿ ಬಿಡುಗಡೆಯಾಗಿದ್ದರೆ, ಹೊಸ ವರ್ಷನ್‌ನಲ್ಲಿ ತೆಗೆದರೆ ಸಾಲದು. ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು.