ಹಣ್ಣಿನ ಸಿಪ್ಪೆ ಗುಡ್ಡದಲ್ಲೇ ಬಿಟ್ಟರೆ ಮಣ್ಣಾಗುತ್ತೆ ಅಲ್ವಾ?

ಪ್ರಶ್ನೆ: ರಜೆಯಲ್ಲಿ ಬುತ್ತಿ ಕಟ್ಟಿಕೊಂಡು ಬಾದಾಮಿ ಗುಡ್ಡಕ್ಕೆ ಹೋಗುತ್ತೇವೆ. ಪ್ಲಾಸ್ಟಿಕ್ ಎಲ್ಲ ವಾಪಸ್ ತರುತ್ತೇವೆ. ಹಣ್ಣಿನ ಸಿಪ್ಪೆ, ಉಳಿದ ರೊಟ್ಟಿ ಅಲ್ಲೇ ಬಿಟ್ಟರೆ ತಪ್ಪೇನು?

ಉತ್ತರ: ಬಿಡಬೇಡಿ. ಅದನ್ನೂ ತನ್ನಿ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

‘ಮಣ್ಣಾಗುತ್ತೆ’ ಅನ್ನೋ ಮಾತು ಹಿತ್ತಲಿನ ತಿಪ್ಪೆಗೆ ಸರಿ. ಅಲ್ಲಿ ಸಗಣಿ ಇದೆ, ಹಸಿ ಇದೆ, ಹುಳ ಇದೆ. ಬಾದಾಮಿ ಗುಡ್ಡ ಮರಳುಗಲ್ಲಿನದು. ಎಷ್ಟೋ ಕಡೆ ಮೇಲೆ ಮಣ್ಣೇ ಇಲ್ಲ. ಮಳೆಗಾಲ ಮುಗಿದರೆ ಬಂಡೆ ಕಾದ ಹೆಂಚು. ಕೊಳೆಯೋಕೆ ಹಸಿ ಬೇಕಲ್ವಾ? ಅದಿಲ್ಲದ ಕಡೆ ಸಿಪ್ಪೆ ಸುಮ್ನೆ ಒಣಗುತ್ತೆ. ಉತ್ತರದ ಕೋಟೆಗೆ ಹತ್ತುವಾಗ ಬಂಡೆ ಸಂದಿಯಲ್ಲಿ ಬಗ್ಗಿ ನೋಡಿ. ಮೋಸಂಬಿ ಸಿಪ್ಪೆ ಕಂದಾಗಿ, ಸುರುಳಿ ಸುತ್ತಿಕೊಂಡು, ಮುರಿದರೆ ಲಟಕ್ ಅನ್ನೋ ಹಾಗೆ ಬಿದ್ದಿರುತ್ತೆ. ಯಾರೋ ತಿಂಗಳುಗಳ ಹಿಂದೆ ತಿಂದದ್ದು.

‘ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಇದೂ ಹಾಗೇ’ ಅನ್ನುವವರೂ ಇದ್ದಾರೆ. ಖಂಡಿತ ಹಾಗಲ್ಲ. ಚರಗ ವರ್ಷಕ್ಕೊಮ್ಮೆ, ನಮ್ಮ ನಮ್ಮ ಹೊಲದಲ್ಲಿ, ನಾವು ಉಣ್ಣೋಕೆ ಮೊದಲು ಭೂಮಿತಾಯಿಗೆ ಕೊಡೋ ಎಡೆ. ಉಂಡು ಉಳಿದದ್ದನ್ನು ಎಲ್ಲರ ಗುಡ್ಡದಲ್ಲಿ ಎಸೆದು ಅದಕ್ಕೆ ಚರಗದ ಹೆಸರು ಕೊಡಬೇಡಿ.

‘ಕೊಳೆಯೋ ಮೊದಲೇ ಮಂಗ ತಿಂದು ಹೋಗುತ್ತೆ ಬಿಡಿ’ ಅಂತೀರಾ? ತೊಂದರೆ ಶುರುವಾಗೋದೇ ಅಲ್ಲಿ. ರೊಟ್ಟಿ ರುಚಿ ಹತ್ತಿದ ಮಂಗ ಜನರನ್ನು ನೋಡಿದರೆ ಓಡಲ್ಲ, ಹತ್ತಿರ ಬರುತ್ತೆ. ಕವರ್ ಸರಸರ ಅಂದರೆ ಸಾಕು, ತಿಂಡಿ ಇದೆ ಅಂತ ಅದಕ್ಕೆ ಗೊತ್ತು. ಗುಹೆಗಳ ಮೆಟ್ಟಿಲ ಮೇಲೆ ಬಿಸ್ಕೆಟ್ ಹಿಡಿದ ಮಗುವಿನ ಮೇಲೆ ಹಾರೋದು ಇದಕ್ಕೇ. ನೀವು ಇವತ್ತು ಪ್ರೀತಿಯಿಂದ ಹಾಕಿದ ರೊಟ್ಟಿಗೆ ನಾಳೆ ಇನ್ನೊಬ್ಬರ ಮಗು ಪರಚಿಸಿಕೊಳ್ಳುತ್ತೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಂಗ ಕಚ್ಚಿದರೆ ಅಥವಾ ಪರಚಿದರೆ ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಸೋಪು ಹಚ್ಚಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತೆ ಅಂದುಕೊಂಡವರು ಜಾಸ್ತಿ. ಮಂಗನಿಂದಲೂ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಗಾಯ ಸಣ್ಣದು ಅಂತ ಸುಮ್ಮನಿರಬೇಡಿ, ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರೇ ನೋಡಿ ಹೇಳಲಿ. ಹಾಕಿಸಿಕೊಳ್ಳಿ ಅಂದರೆ ಒಂದೂ ತಪ್ಪಿಸಬೇಡಿ.